ನಾಮಪತ್ರಕ್ಕೆ ಮೊದಲಿನ ಸೇವೆ

ಉತ್ತರ ಬೆಂಗಳೂರಿನ ರಸ್ತೆಬದಿಯ ಕಂಬಗಳನ್ನು ಓದುತ್ತ ಹೋದರೆ ಮುಂದಿನ ಐದು ವರ್ಷದ ರಾಜಕೀಯ ಬಹುಮಟ್ಟಿಗೆ ತಿಳಿದುಬಿಡುತ್ತದೆ. ಆರ್.ಟಿ. ನಗರದ ಮುಖ್ಯರಸ್ತೆ, ಹೆಬ್ಬಾಳ ಕೆಂಪಾಪುರದ ತಿರುವು, ಮತ್ತಿಕೆರೆಯಿಂದ ಯಶವಂತಪುರಕ್ಕೆ ಹೋಗುವ ಅಡ್ಡರಸ್ತೆಗಳು, ಯಲಹಂಕ ಉಪನಗರದ ಬಸ್ ನಿಲ್ದಾಣದ ಆಸುಪಾಸು, ಎಲ್ಲ ಕಡೆಯೂ ಅದೇ ನಮೂನೆ. ಒಬ್ಬರ ಹುಟ್ಟುಹಬ್ಬ, ಇನ್ನೊಬ್ಬರ ರಾಜ್ಯೋತ್ಸವದ ಶುಭಾಶಯ, ಮತ್ತೊಬ್ಬರ ಉಚಿತ ಕಣ್ಣಿನ ತಪಾಸಣೆ ಶಿಬಿರ. ಫೋಟೋದ ಕೆಳಗೆ ಹೆಸರು, ಹೆಸರಿನ ಕೆಳಗೆ ‘ಸಮಾಜ ಸೇವಕರು’, ಅದರ ಕೆಳಗೆ ಶುಭ ಕೋರುವ ಹುಡುಗರ ಸಣ್ಣ ಸಣ್ಣ ಮುಖಗಳು. ಮೊದಲ ವರ್ಷ ಪಕ್ಷದ ಗುರುತು ಇರುವುದಿಲ್ಲ. ಎರಡನೆಯ ವರ್ಷ ಹೆಗಲ ಮೇಲೊಂದು ಶಾಲು ಬರುತ್ತದೆ. ಮೂರನೆಯ ವರ್ಷ ಆ ಶಾಲಿನ ಬಣ್ಣ ಬದಲಾಗಿದ್ದರೂ ಬೀದಿಯವರು ಬೆರಗಾಗುವುದಿಲ್ಲ. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ 1981ರಿಂದಲೇ ಇದೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದಾಗ ಪಾಲಿಕೆ ಫ್ಲೆಕ್ಸ್‌ಗಳನ್ನು ರಾಶಿ ರಾಶಿಯಾಗಿ ಇಳಿಸಿ, ನಿಷೇಧದ ನಿರ್ಣಯವನ್ನೂ ಮಾಡಿತು. ಫ್ಲೆಕ್ಸ್‌ಗಳು ಮರಳಿ ಬಂದಿವೆ. ಕಾನೂನನ್ನು ಮುರಿದು ನೆಟ್ಟ ಫಲಕದ ಮೇಲೆ ಸೇವೆಯ ಮಾತು ಬರೆದಿರುವುದು ಯಾರ ಕಣ್ಣಿಗೂ ಚುಚ್ಚುತ್ತಿಲ್ಲ. ಕೇಳಿದರೆ, ‘ಹಾಕ್ಕೊಳ್ಳಲಿ ಬಿಡಿ ಸಾರ್, ನಮ್ಮ ಗಂಟೇನು ಹೋಯ್ತು’ ಎಂಬ ಉತ್ತರ. ಈ ಪತ್ರಿಕೆಗೆ ಆತಂಕ ತಂದಿರುವುದು ಫಲಕಕ್ಕಿಂತ ಹೆಚ್ಚಾಗಿ ಆ ಉತ್ತರ.

ಚುನಾಯಿತ ಪಾಲಿಕೆಯೇ ಇಲ್ಲದ ಇಂಥ ಕಾಲವನ್ನು ನಾವು ಹಿಂದೊಮ್ಮೆ ಕಂಡಿದ್ದೇವೆ. 2006ರ ನವೆಂಬರ್‌ನಲ್ಲಿ ಅಂದಿನ ಮಹಾನಗರ ಪಾಲಿಕೆಯ ಅವಧಿ ಮುಗಿಯಿತು. ಮರುವರ್ಷ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ ಸೇರಿದಂತೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ, ಜೊತೆಗೆ ನೂರಕ್ಕೂ ಮಿಕ್ಕಿದ ಹಳ್ಳಿಗಳು ಒಂದಾಗಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿತು. ಅದರ ಮೊದಲ ಚುನಾವಣೆ ನಡೆದದ್ದು 2010ರ ಮಾರ್ಚ್ 28ರಂದು. ನಡುವಿನ ಮೂರು ವರ್ಷಕ್ಕೂ ಹೆಚ್ಚಿನ ಅವಧಿಯಲ್ಲಿ ಯಲಹಂಕದವರಿಗೆ ತಮ್ಮ ನಗರಸಭಾ ಸದಸ್ಯ ಇರಲಿಲ್ಲ, ಸೇರಿಕೊಂಡ ಹಳ್ಳಿಗಳಿಗೆ ತಮ್ಮ ಪಂಚಾಯಿತಿ ಮೆಂಬರ್ ಇರಲಿಲ್ಲ, ಬೀದಿದೀಪ ಕೆಟ್ಟರೆ ಹಿಡಿದು ಕೇಳಲು ಕಾರ್ಪೊರೇಟರೂ ಇರಲಿಲ್ಲ. ಅದೇ ಹೊತ್ತಿಗೆ, 2008ರ ಮೇ ತಿಂಗಳಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಬಳ್ಳಾರಿ ರಸ್ತೆಯ ಎರಡೂ ಬದಿಯ ರಾಗಿ ಹೊಲ, ದ್ರಾಕ್ಷಿ ತೋಟಗಳು ಸೈಟುಗಳಾದವು. ಜಮೀನು ಕೈ ಬದಲಾದಲ್ಲೆಲ್ಲ ನಡುವಿನವರ ಕೈಯಲ್ಲಿ ನಗದು ನಿಂತಿತು. ಕೇಳುವವರಿಲ್ಲದ ವಾರ್ಡು ಒಂದು ಕಡೆ, ಕೈಯಲ್ಲಿ ನಗದು ಇದ್ದವರು ಇನ್ನೊಂದು ಕಡೆ. ಇವೆರಡೂ ಕೂಡಿದ ಜಾಗದಲ್ಲಿ ಟ್ರಸ್ಟುಗಳು, ಅಭಿಮಾನಿ ಬಳಗಗಳು ಎದ್ದವು. ಆಗಲೂ ಇದನ್ನು ಗಮನಿಸಿದವರು ಇದ್ದರು. ಗಮನಿಸಿ ಸುಮ್ಮನಿದ್ದರು.

ಈಗಿನ ಖಾಲಿ ಕಾಲ ಇನ್ನೂ ದೀರ್ಘ. 2015ರ ಆಗಸ್ಟ್ 22ರ ಮತದಾನದಲ್ಲಿ ಆಯ್ಕೆಯಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ಐದು ವರ್ಷ ಆಡಳಿತಾಧಿಕಾರಿಗಳ ಕೈಯಲ್ಲೇ ಕಳೆದುಹೋಯಿತು. ವಾರ್ಡುಗಳ ಲೆಕ್ಕ 198ರಿಂದ 243ಕ್ಕೆ ಹೋಗಿ, 225ಕ್ಕೆ ಇಳಿದು, ಕೊನೆಗೆ 2025ರ ಸೆಪ್ಟೆಂಬರ್ 2ರಂದು ಪಾಲಿಕೆಯೇ ಐದು ಪಾಲಾಯಿತು. ಐದೂ ನಗರ ಪಾಲಿಕೆಗಳಿಗೆ ಸೇರಿ 369 ವಾರ್ಡುಗಳನ್ನು ಗುರುತಿಸಲಾಯಿತು, ಬೆಂಗಳೂರು ಉತ್ತರದ ಪಾಲು 72. ವಾರ್ಡಿನ ಗಡಿ ಎಲ್ಲಿ ಎಂದು ತಿಳಿಯದೆ ಜನ ತಬ್ಬಿಬ್ಬಾಗಿದ್ದಷ್ಟು ಕಾಲವೂ ಒಬ್ಬರಿಗೆ ಮಾತ್ರ ಅದು ಖಚಿತವಾಗಿ ಗೊತ್ತಿತ್ತು. ಅವರ ಬೋರ್ಡು ಗಡಿ ಸರಿದ ಹಾಗೆಲ್ಲ ಸರಿಯಿತು.

ಇನ್ನು ಈ ಸೇವೆಯ ಸಣ್ಣ ಗುರುತುಗಳು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತ ಮಿತಿ ಹಾಕಬೇಕಾಗಿ ಬಂದಾಗ, ಕೆಲವು ಬೀದಿಗಳಿಗೆ ಉಚಿತ ಟ್ಯಾಂಕರ್ ಬಂತು. ಅದರ ಎರಡೂ ಮಗ್ಗುಲಿಗೆ ಒಬ್ಬರ ಭಾವಚಿತ್ರ. ಕೊಡ ಹಿಡಿದ ಹೆಂಗಸರು ಕೈ ಮುಗಿದರು. ಬಾಯಾರಿದವರು ನೀರನ್ನು ಬೇಡವೆನ್ನಬೇಕಿತ್ತೆಂದು ಹೇಳುವಷ್ಟು ಕಲ್ಲೆದೆ ನಮ್ಮದಲ್ಲ. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಅದೂ ಪಾಲಿಕೆಗೆ ಸೇರಿದ ಆ 110 ಹಳ್ಳಿಗಳನ್ನು ಮುಂದಿಟ್ಟುಕೊಂಡೇ ರೂಪಿಸಿದ ಯೋಜನೆ. ನಮ್ಮ ಬೀದಿಗೆ ಕೊಳವೆ ಎಂದು ಬರುತ್ತದೆ, ಸಂಪರ್ಕದ ಶುಲ್ಕವೆಷ್ಟು, ತಡವೇಕೆ ಎಂದು ಜಲಮಂಡಳಿಯ ಮುಂದೆ ಹೋಗಿ ನಿಂತವರು ಎಷ್ಟು ಮಂದಿ? ಟ್ಯಾಂಕರ್ ನಿಂತ ಬೀದಿಯಲ್ಲಿ ಆ ಪ್ರಶ್ನೆಯೂ ನಿಂತುಹೋಗುತ್ತದೆ. ಜೂನ್‌ನಲ್ಲಿ ಮಕ್ಕಳಿಗೆ ರಟ್ಟಿನ ಮೇಲೆ ಮುಖ ಅಚ್ಚಾದ ನೋಟ್‌ಬುಕ್ಕು ಬರುತ್ತದೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮದ ಜೊತೆ ಸೀರೆ, ಭಾದ್ರಪದದಲ್ಲಿ ಗಣೇಶನ ಪೆಂಡಾಲಿಗೆ ಚಂದಾ. ಡಿಸೆಂಬರ್, ಜನವರಿಯಲ್ಲಿ ಓಂ ಶಕ್ತಿ ಮಾಲೆ ಹಾಕಿದ ಕೆಂಪು ಸೀರೆಯ ಹೆಣ್ಣುಮಕ್ಕಳಿಗೆ ಮೇಲ್‌ಮರುವತ್ತೂರಿಗೆ ಬಸ್ಸು. ಬಸ್ಸಿನ ಮುಂದಿನ ಗಾಜಿಗೆ ದೇವಿಯ ಪಟ, ಪಕ್ಕದಲ್ಲೇ ದಾನಿಯ ಪಟ. ಚೀಟಿ ಹಾಕುವವರು ತಿಂಗಳು ತಿಂಗಳು ಕಟ್ಟಿ ತಮಗೆ ಬೇಕಾದ ತಿಂಗಳಲ್ಲಿ ಎತ್ತುವ ಹಾಗೆ, ಇಲ್ಲಿ ಹಬ್ಬ ಹಬ್ಬಕ್ಕೂ ಕಂತು ಕಟ್ಟಲಾಗುತ್ತದೆ. ಎತ್ತುವುದು ಮತದಾನದ ದಿನ.

ಇದಕ್ಕಿಂತ ಆಳಕ್ಕೆ ಇಳಿದಿರುವ ಗುರುತು ಇನ್ನೊಂದಿದೆ. ಅದು ‘ಅಣ್ಣನ ಆಫೀಸು’. ಬಿಪಿಎಲ್ ಕಾರ್ಡಿಗೆ ಹೆಸರು ಸೇರಿಸಬೇಕೆ, ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಆಗಬೇಕೆ, ಇ-ಖಾತಾದಲ್ಲಿ ತಪ್ಪಾದ ಹೆಸರು ತಿದ್ದಬೇಕೆ, ಆಸ್ಪತ್ರೆಯಲ್ಲಿ ಹಾಸಿಗೆ ಸಿಗಬೇಕೆ, ಜನ ಮೊದಲು ಹೋಗುವುದು ಅಲ್ಲಿಗೆ. ನಾಡಕಚೇರಿ, ಬೆಂಗಳೂರು ಒನ್, ವಾರ್ಡ್ ಕಚೇರಿಗಳೆಲ್ಲ ಆಮೇಲೆ. ಅಣ್ಣ ಒಂದು ಫೋನು ಮಾಡುತ್ತಾರೆ, ಕೆಲಸ ಆಗುತ್ತದೆ. ಕೆಲಸ ಆದದ್ದು ತನ್ನ ಹಕ್ಕಿನಿಂದ ಎಂಬುದು ಮುದುಕಿಗೆ ತಿಳಿಯುವುದಿಲ್ಲ, ಅಣ್ಣನ ದಯೆಯಿಂದ ಎಂಬುದು ಮನಸ್ಸಿನಲ್ಲಿ ಉಳಿಯುತ್ತದೆ. ಅರ್ಜಿಯ ಜೊತೆ ಆಧಾರ್ ಕಾರ್ಡಿನ ಜೆರಾಕ್ಸು, ವೋಟರ್ ಐಡಿಯ ಜೆರಾಕ್ಸು, ಮೊಬೈಲ್ ನಂಬರು ಆಫೀಸಿನ ಕಡತದಲ್ಲಿ ಉಳಿದುಕೊಳ್ಳುತ್ತವೆ. ಪಿಂಚಣಿ ಅರ್ಜಿಗೆ ವೋಟರ್ ಐಡಿ ಏಕೆ ಬೇಕಾಯಿತು, ಯಾವ ಬೂತು ಎಂದು ಏಕೆ ಬರೆಸಿಕೊಂಡರು ಎಂದು ಕೇಳಿದವರನ್ನು ನಾವು ಕಾಣೆವು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಯನ್ನು ನಂಬಿ, ಕೊಡುವವರು ಕೊಡಲಿ ಬಿಡು ಎನ್ನುವ ಜಾಣರು ಎಲ್ಲ ಬೀದಿಯಲ್ಲೂ ಇದ್ದಾರೆ. ಇಲ್ಲಿ ಕೋಡಂಗಿ ಆಗುವುದು ಇಸ್ಕೊಂಡವರೇ.

ಹೀಗೆ ಕೂಡಿಟ್ಟ ಕಾಗದಗಳು ಏನಾಗಬಲ್ಲವು ಎಂಬುದಕ್ಕೆ ದೂರ ಹೋಗಬೇಕಿಲ್ಲ. 2018ರ ಮೇ ತಿಂಗಳಲ್ಲಿ, ವಿಧಾನಸಭೆ ಚುನಾವಣೆಗೆ ಕೆಲವೇ ದಿನವಿರುವಾಗ, ಜಾಲಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಸಿಕ್ಕವು. ಕಟ್ಟು ಕಟ್ಟಾಗಿ ಸುತ್ತಿಟ್ಟಿದ್ದವು. ರಾಜರಾಜೇಶ್ವರಿನಗರ ಕ್ಷೇತ್ರದ ಮತದಾನವನ್ನೇ ಚುನಾವಣಾ ಆಯೋಗ ಮೇ 28ಕ್ಕೆ ಮುಂದೂಡಬೇಕಾಯಿತು. ಯಶವಂತಪುರದಿಂದ ಕೂಗಳತೆಯ ದೂರದಲ್ಲಿ ನಡೆದ ಸಂಗತಿ ಇದು. ಚೀಟಿಗಳು ತಾವಾಗಿ ನಡೆದು ಆ ಮನೆಗೆ ಹೋಗಿರಲಾರವು, ಯಾವುದೋ ನೆಪದಲ್ಲಿ ಯಾರದೋ ಕೈಗೆ ಜನವೇ ಒಪ್ಪಿಸಿರಬೇಕು. ನಾಲ್ಕು ವರ್ಷದ ನಂತರ, 2022ರಲ್ಲಿ, ಚಿಲುಮೆ ಎಂಬ ಸೇವಾ ಟ್ರಸ್ಟಿಗೆ ಮತದಾರರ ಜಾಗೃತಿ ಕೆಲಸವನ್ನು ಉಚಿತವಾಗಿ ಮಾಡಲು ಪಾಲಿಕೆ ಅನುಮತಿ ಕೊಟ್ಟಿತು. ಟ್ರಸ್ಟಿನವರು ಮತಗಟ್ಟೆ ಅಧಿಕಾರಿಗಳೆಂದು ಹೇಳಿಕೊಂಡು ಮನೆ ಮನೆಯ ಮಾಹಿತಿ ಸಂಗ್ರಹಿಸಿದರು ಎಂಬ ಆರೋಪ ನವೆಂಬರ್‌ನಲ್ಲಿ ಬಯಲಿಗೆ ಬಂದಾಗ ಚುನಾವಣಾ ಆಯೋಗ ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಸೂಚಿಸಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯ ಸೇರ್ಪಡೆ, ತೆಗೆದುಹಾಕುವಿಕೆಗಳನ್ನು ಪೂರ್ತಿಯಾಗಿ ಮರುಪರಿಶೀಲಿಸಲು ಹೇಳಿತು. ಸೇವೆ, ಅದೂ ಉಚಿತ ಎಂದ ಕೂಡಲೇ ಪಾಲಿಕೆಯೇ ಬಾಗಿಲು ತೆರೆದಿತ್ತು. ಹಾಗಿರುವಾಗ ಗುಡ್ಡದಹಳ್ಳಿಯ ಗೃಹಿಣಿಯನ್ನು ದೂರುವುದು ಹೇಗೆ?

ಕಾನೂನು ಇದನ್ನೆಲ್ಲ ತಡೆಯುತ್ತದೆ ಎಂದು ನಂಬಿ ಕುಳಿತವರಿಗೆ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. 1951ರ ಜನಪ್ರತಿನಿಧಿ ಕಾಯ್ದೆಯ ಮೊದಲಿನ ರೂಪದಲ್ಲಿ, ಚುನಾವಣೆ ಎದುರಿಗಿರುವಾಗ ಒಬ್ಬರು ತಾನು ಉಮೇದುವಾರ ಎಂದು ತೋರಿಸಿಕೊಳ್ಳತೊಡಗಿದ ದಿನದಿಂದಲೇ ಅವರನ್ನು ಅಭ್ಯರ್ಥಿ ಎಂದು ಪರಿಗಣಿಸಲಾಗುತ್ತಿತ್ತು. 1975ರ ಜೂನ್ 12ರ ಅಲಹಾಬಾದ್ ಹೈಕೋರ್ಟ್ ತೀರ್ಪಿನಲ್ಲಿ ಇಂದಿರಾ ಗಾಂಧಿಯವರು ಸ್ಥಾನ ಕಳೆದುಕೊಳ್ಳುವಲ್ಲಿ ಈ ಮಾತಿಗೂ ಪಾತ್ರವಿತ್ತು, ಅವರು ಅಭ್ಯರ್ಥಿಯಾದದ್ದು ಯಾವ ದಿನ ಎಂಬುದೇ ಒಂದು ಮುಖ್ಯ ಪ್ರಶ್ನೆಯಾಗಿತ್ತು. ಅದಾದ ಎರಡು ತಿಂಗಳೊಳಗೆ, ತುರ್ತುಪರಿಸ್ಥಿತಿಯ ನಡುವೆ, ತಿದ್ದುಪಡಿ ತಂದು ಆ ಮಾತನ್ನು ತೆಗೆದುಹಾಕಲಾಯಿತು. ಅಂದಿನಿಂದ ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ನಾಮಪತ್ರ ಸಲ್ಲಿಸಿದ ಮೇಲಷ್ಟೇ ಅಭ್ಯರ್ಥಿ. ವೆಚ್ಚದ ಲೆಕ್ಕವೂ ನಾಮಪತ್ರದ ದಿನದಿಂದಲೇ. ಅದಕ್ಕೆ ಮುಂಚೆ ಮೂರು ವರ್ಷ ಹಂಚಿದ ಸೀರೆ, ಓಡಿಸಿದ ಬಸ್ಸು, ಕಳಿಸಿದ ನೀರು ಯಾವ ಖಾತೆಗೂ ಬರುವುದಿಲ್ಲ. ತುರ್ತುಪರಿಸ್ಥಿತಿಯ ಎಷ್ಟೋ ಕಾನೂನುಗಳನ್ನು ನಂತರ ಬಂದವರು ಕಿತ್ತೊಗೆದರು. ಇದನ್ನು ಮಾತ್ರ ಯಾವ ಪಕ್ಷವೂ ಮುಟ್ಟಲಿಲ್ಲ.

ಸಮಾಜದ ಕೆಲಸ ಮಾಡಿದವರು ರಾಜಕೀಯಕ್ಕೆ ಬರಬಾರದೆಂದು ಯಾರು ಹೇಳಿದರು? ಅವರೇ ಬರಬೇಕು. ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ಶಾಂತವೇರಿ ಗೋಪಾಲಗೌಡರು ಕಿಸೆಯಲ್ಲಿ ಕಾಸಿಲ್ಲದೆ ಚುನಾವಣೆಗೆ ನಿಂತಾಗ ಮತದಾರರೇ ವೋಟಿನ ಜೊತೆ ನೋಟನ್ನೂ ಕೊಟ್ಟು ಕಳಿಸಿದರೆಂದು ಮಲೆನಾಡು ಇಂದಿಗೂ ಹೇಳುತ್ತದೆ. ರೈತ ಸಂಘದ ಹೋರಾಟದಿಂದ ಬಂದ ಕೆ.ಎಸ್. ಪುಟ್ಟಣ್ಣಯ್ಯನವರನ್ನು 1994ರಲ್ಲಿ ಪಾಂಡವಪುರ, 2013ರಲ್ಲಿ ಮೇಲುಕೋಟೆ ಗೆಲ್ಲಿಸಿದವು. ಬಿಳಿಗಿರಿರಂಗನ ಬೆಟ್ಟದ ಡಾ. ಸುದರ್ಶನ್ ಅವರಂಥವರು ಮತಪೆಟ್ಟಿಗೆಯ ಹತ್ತಿರ ಹೋಗದೆಯೇ ಲೋಕಾಯುಕ್ತದಲ್ಲಿ ಕುಳಿತು ಆರೋಗ್ಯ ಇಲಾಖೆಯ ಹುಳುಕನ್ನು ಎತ್ತಿ ತೋರಿಸಿದರು, ಅದೂ ಒಂದು ದಾರಿ. ಅಲ್ಲಿ ಹಣ ಜನರಿಂದ ನಾಯಕನ ಕಡೆಗೆ ಹರಿಯಿತು, ಅಥವಾ ಹರಿಯಲೇ ಇಲ್ಲ. ಇಲ್ಲಿ ಅದು ತಿರುಗಿ ಹರಿಯುತ್ತಿದೆ.

ನಮ್ಮ ಕಡೆ ನಿಜವಾಗಿ ದುಡಿದವರು ನಿಂತಾಗ ಏನಾಯಿತು? 2014ರ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರು ಉತ್ತರದಿಂದ ಕಾರ್ಮಿಕ ಕಾನೂನಿನ ಅಧ್ಯಾಪಕ, ಕಾರ್ಮಿಕ ಸಂಘಟನೆಯಲ್ಲಿ ತಲೆ ನರೆತ ಬಾಬು ಮ್ಯಾಥ್ಯೂ ಸ್ಪರ್ಧಿಸಿದ್ದರು. ದಕ್ಷಿಣದಲ್ಲಿ ಮಕ್ಕಳ ಹಕ್ಕುಗಳಿಗಾಗಿ ದುಡಿದ ನೀನಾ ನಾಯಕ್, ಕೊಳೆಗೇರಿಯ ದಲಿತ ಹೆಣ್ಣುಮಕ್ಕಳ ನಡುವೆ ಬದುಕು ಸವೆಸಿದ ರೂತ್ ಮನೋರಮಾ ಇದ್ದರು. ಮೂವರೂ ಗೆಲುವಿನ ಹತ್ತಿರಕ್ಕೂ ಬರಲಿಲ್ಲ. ಪಕ್ಷಗಳ ಅಲೆ ಕಾರಣವಾಗಿತ್ತು, ನಿಜ. ಆದರೆ ಹಂಚಲು ಏನೂ ಇಲ್ಲದವರನ್ನು ‘ಇವರ‍್ಯಾರು?’ ಎಂದು ಕೇಳುವ ಅಭ್ಯಾಸ ಅಷ್ಟು ಹೊತ್ತಿಗಾಗಲೇ ಬೇರು ಬಿಟ್ಟಿತ್ತು. ಇಂದು ಜಕ್ಕೂರು, ಅಳ್ಳಾಲಸಂದ್ರದ ಕೆರೆ ದಂಡೆಯಲ್ಲಿ ಕಸ ಆಯುವವರು, ಸರ್ಕಾರಿ ಶಾಲೆಯಲ್ಲಿ ಸಂಜೆ ಪಾಠ ಹೇಳುವ ನಿವೃತ್ತರು ವಾರ್ಡಿಗೆ ನಿಲ್ಲಲು ಒಪ್ಪುವುದಿಲ್ಲ. ‘ನಮ್ಮತ್ರ ಅಷ್ಟು ದುಡ್ಡೆಲ್ಲಿ?’ ಎನ್ನುತ್ತಾರೆ.

ಹೊಸ ವಾರ್ಡುಗಳು ಚಿಕ್ಕವು. 2011ರ ಜನಗಣತಿಯ ಲೆಕ್ಕದಲ್ಲಿ ಹಳೆಯ ವಾರ್ಡಿಗೆ ಸರಾಸರಿ ನಲವತ್ತು ಸಾವಿರದ ಮೇಲೆ ಜನವಿದ್ದರೆ, ಈಗ ಇಪ್ಪತ್ತು ಸಾವಿರದ ಮೇಲಷ್ಟೆ. ಮನೆ ಮನೆ ತಟ್ಟಿ ಗೆಲ್ಲಲು ಇದು ಅನುಕೂಲ. ಮನೆ ಮನೆಗೆ ಕೊಟ್ಟು ಗೆಲ್ಲಲೂ ಅಷ್ಟೇ ಅನುಕೂಲ. ಮಹಿಳಾ ಮೀಸಲು ಬಿದ್ದ ವಾರ್ಡುಗಳಲ್ಲಿ ಫಲಕದ ಮೇಲೆ ಗಂಡನ ಪಕ್ಕ ಹೆಂಡತಿಯ ಫೋಟೋ ಬಂದು ಕೂರುತ್ತದೆ. ಆಕೆಯ ಮಾತನ್ನು ವಾರ್ಡು ಕೇಳುವುದು ಗೆದ್ದ ಮೇಲೂ ಅನುಮಾನ.

ಹೀಗೆ ಗೆದ್ದವರು ಹಾಕಿದ್ದನ್ನು ಎಲ್ಲಿಂದ ತೆಗೆಯುತ್ತಾರೆ? ಕಸದ ಗುತ್ತಿಗೆ, ರಸ್ತೆ ಗುಂಡಿ, ಕಟ್ಟಡದ ನಕ್ಷೆ, ರಾಜಕಾಲುವೆಯ ಅಂಚು. ಬೇರೆ ಬಾವಿಯಿಲ್ಲ. ಟ್ಯಾಂಕರ್ ಕೊಟ್ಟವರೇ ಗೆದ್ದರೆ ಕೊಳವೆ ಬೇಗ ಬರಲೆಂಬ ಆತುರ ಅವರಿಗೆ ಇರುವುದಿಲ್ಲ. ಉಪಕಾರಕ್ಕೆ ಸಿಕ್ಕಿದ ಮನೆಯವರು ಮುಂದಿನ ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿದಾಗ ಬಾಯಿ ತೆರೆಯಲಾರರು.

2018ರ ಕೊನೆಯಲ್ಲಿ ತಿಂಗಳ ಮೊದಲ ಶನಿವಾರ ವಾರ್ಡ್ ಸಮಿತಿ ಸಭೆ ನಡೆಸುವ ಪದ್ಧತಿ ಶುರುವಾಗಿತ್ತು. ಯಾರ ಹಂಗೂ ಇಲ್ಲದೆ ಚರಂಡಿಯ ಪ್ರಶ್ನೆ ಕೇಳಬಹುದಾಗಿದ್ದ ಜಾಗ ಅದು. ಬಹುಪಾಲು ವಾರ್ಡುಗಳಲ್ಲಿ ಕುರ್ಚಿಗಳು ಖಾಲಿ ಉಳಿದವು.

ಹೊಸ ಪಾಲಿಕೆಗೆ ನಾಮಪತ್ರ ಸಲ್ಲಿಕೆಯಾಗುವ ಮೊದಲೇ ಕೇಳಬೇಕಾದದ್ದು ಇಷ್ಟು. ನಿಮ್ಮ ಟ್ರಸ್ಟಿನ ಲೆಕ್ಕ ಪರಿಶೋಧನೆಯ ವರದಿ ಎಲ್ಲಿದೆ? ಬಸ್ಸಿನ ಬಾಡಿಗೆ ಕೊಟ್ಟವರು ಯಾರು? ಸೋತರೆ ಮುಂದಿನ ಶ್ರಾವಣದಲ್ಲೂ ಈ ಬೀದಿಗೆ ಬರುತ್ತೀರಾ? ಕೈ ಮುಗಿದು, ಸೌಜನ್ಯದಿಂದಲೇ ಕೇಳಿ. ಕೇಳುವಾಗ ನೆರೆಯ ನಾಲ್ಕು ಮಂದಿ ಜೊತೆಗಿರಲಿ.

ಕೊಟ್ಟುಬಿಟ್ಟಿರುವ ಜೆರಾಕ್ಸುಗಳನ್ನು ವಾಪಸು ಪಡೆಯಲಾಗದು. ಮತದಾರರ ಪಟ್ಟಿಯಲ್ಲಿ ಮನೆಯವರೆಲ್ಲರ ಹೆಸರು ಇದೆಯೇ, ಯಾವ ವಾರ್ಡು, ಯಾವ ಮತಗಟ್ಟೆ ಎಂದು ಈ ವಾರವೇ ನೀವೇ ನೋಡಿಕೊಳ್ಳಿ. ‘ನಾವೇ ನೋಡಿ ಹೇಳ್ತೀವಿ, ಕಾರ್ಡು ಕೊಟ್ಟಿರಿ’ ಎಂದು ಬಂದ ಹುಡುಗರ ಕೈಗೆ ಕಾರ್ಡು ಕೊಡಬೇಡಿ.